ಹಳೆಯ ಮೋಟಾರು ಎಂಜಿನಿನ ಗುರುತು ಮತ್ತು ಬೆಲೆ

ಮನೆಯ ಹಿರಿಯರು ಗತಿಸಿದ ಮೇಲೆ ಹಿತ್ತಲ ಕೊಟ್ಟಿಗೆಯಲ್ಲಿ ಉಳಿದ ಹಳೆಯ ಮೋಟಾರು ಎಂಜಿನು ಎರಡು ಬಗೆಯ ಅಪಾಯಕ್ಕೆ ಗುರಿಯಾಗುತ್ತದೆ. ಅದರ ಯೋಗ್ಯತೆಯನ್ನರಿಯದ ವಾರಸುದಾರರು ಅದನ್ನು ಗುಜರಿಯವನ ತಕ್ಕಡಿಗೆ ಒಪ್ಪಿಸಿಬಿಡುವುದು ಒಂದು. ಅರೆಬರೆ ಬಲ್ಲವರು ಅದಕ್ಕೆ ಇಲ್ಲದ ಹಿರಿಮೆಯನ್ನು ಹೊರಿಸಿ, ನಂಬಿದವನಿಗೆ ಮಾರುವುದು ಇನ್ನೊಂದು. ಎಂಜಿನಿನ ಮೈಮೇಲಿನ ಬರಹವನ್ನು ಓದಲು ಬಲ್ಲವನು ಈ ಎರಡನ್ನೂ ತಡೆಯಬಲ್ಲನು. ಫೋರ್ಡ್ ಕಂಪನಿಯ ‘ಎ’ ಮಾದರಿಯ ಎಂಜಿನು ಈ ಪರೀಕ್ಷೆಗೆ ಒಳ್ಳೆಯ ನಿದರ್ಶನ.

ಅಮೆರಿಕದ ಈ ಕಂಪನಿಯು 1927ರಲ್ಲಿ ತನ್ನ ಪ್ರಸಿದ್ಧವಾದ ‘ಟಿ’ ಮಾದರಿಯನ್ನು ನಿಲ್ಲಿಸಿ ‘ಎ’ ಮಾದರಿಯನ್ನು ಹೊರತಂದಿತು. ಅದರ ತಯಾರಿಕೆ ಮುಗಿಯುವ ವೇಳೆಗೆ 48 ಲಕ್ಷಕ್ಕೂ ಮಿಕ್ಕಿದ ಗಾಡಿಗಳು ಹೊರಬಿದ್ದಿದ್ದವು. ನಾಲ್ಕು ಸಿಲಿಂಡರುಗಳ ಆ ಎಂಜಿನಿನ ಗಾತ್ರ ಸುಮಾರು 3.3 ಲೀಟರು, ಶಕ್ತಿ 40 ಅಶ್ವಬಲ. ಹಿಂದಿನ ‘ಟಿ’ ಎಂಜಿನಿನ ಶಕ್ತಿ ಇದರ ಅರ್ಧದಷ್ಟೇ, ಅಂದರೆ 20 ಅಶ್ವಬಲ.

ಗಾಡಿಯಲ್ಲಿ ಮುಂದಕ್ಕೆ ಮುಖಮಾಡಿ ಕುಳಿತವನ ಎಡಭಾಗಕ್ಕೆ, ಬ್ಲಾಕಿನೊಳಕ್ಕೆ ತಣ್ಣೀರು ಪ್ರವೇಶಿಸುವ ದ್ವಾರದ ಮೇಲ್ಗಡೆ, ಸಮತಟ್ಟಾದ ಚಿಕ್ಕ ಉಬ್ಬೊಂದಿದೆ. ಎಂಜಿನಿನ ಸಂಖ್ಯೆಯನ್ನು ಒತ್ತಿರುವುದು ಅಲ್ಲಿಯೇ. ಮೊದಲೊಂದು ನಕ್ಷತ್ರ, ಅನಂತರ ‘ಎ’ ಅಕ್ಷರ ಮತ್ತು ಅಂಕಿಗಳು, ಕೊನೆಗೆ ಮತ್ತೊಂದು ನಕ್ಷತ್ರ. ಇದೇ ಸಂಖ್ಯೆ ಚಾಸಿಯ ಪಟ್ಟಿಯ ಮೇಲೆಯೂ ಇರುತ್ತದೆ; ಆದರೆ ಗಾಡಿಯ ಮೈ ಅದನ್ನು ಮುಚ್ಚಿರುವುದರಿಂದ ಸುಲಭವಾಗಿ ಕಣ್ಣಿಗೆ ಬೀಳದು. ಯಾವ ತಿಂಗಳಲ್ಲಿ ಯಾವ ಸಂಖ್ಯೆಗಳು ನಡೆದುವೆಂಬ ಪಟ್ಟಿಗಳು ಪ್ರಕಟವಾಗಿರುವುದರಿಂದ ಎಂಜಿನಿನ ಜನ್ಮಕಾಲವನ್ನು ಅರಿಯುವುದು ಕಷ್ಟವಲ್ಲ.

ಸಂಖ್ಯೆಯೊಂದನ್ನೇ ನಂಬಿದವನು ಮೋಸಹೋಗುವುದುಂಟು. ಅನೇಕ ಬ್ಲಾಕುಗಳಲ್ಲಿ ಎರಕ ಹೊಯ್ದ ದಿನಾಂಕವೂ ಉಬ್ಬಕ್ಷರಗಳಲ್ಲಿ ಮೂಡಿರುತ್ತದೆ. ಎರಕ ಮೊದಲು, ಸಂಖ್ಯೆಯ ಒತ್ತು ಆಮೇಲೆ. ಇದು ಪ್ರಕೃತಿಸಹಜವಾದ ಕ್ರಮ. ಸಂಖ್ಯೆಯು 1929ನ್ನು ಹೇಳುತ್ತಿದ್ದು ಎರಕವು 1931ನ್ನು ಹೇಳಿದರೆ ಅಲ್ಲೇನೋ ನಡೆದಿದೆ ಎಂದೇ ತಿಳಿಯಬೇಕು. ಹಾಗೆಂದು ಅದು ವಂಚನೆಯೇ ಆಗಬೇಕೆಂದಿಲ್ಲ. ಬ್ಲಾಕು ಒಡೆದಾಗ ಕಂಪನಿಯು ಸಂಖ್ಯೆಯಿಲ್ಲದ ಹೊಸ ಬ್ಲಾಕನ್ನು ಒದಗಿಸುತ್ತಿತ್ತು. ಹಳೆಯ ಸಂಖ್ಯೆಯನ್ನು ಅದರ ಮೇಲೆ ಒತ್ತುವುದು ಮಾರಾಟಗಾರನ ಕೆಲಸವಾಗಿತ್ತು. ಓಲೆಗರಿಗಳನ್ನು ಪರಿಶೀಲಿಸಿದವರಿಗೆ ಇದು ಹೊಸ ಸಂಗತಿಯೇನಲ್ಲ. ಲಿಪಿಕಾರನು ಮೂಲಪ್ರತಿಯ ಕಾಲಸೂಚಕ ವಾಕ್ಯವನ್ನೂ ಯಥಾವತ್ತಾಗಿ ನಕಲು ಮಾಡಿಬಿಡುತ್ತಾನೆ; ಗರಿಯ ವಯಸ್ಸು ಬೇರೆ, ವಾಕ್ಯದ ವಯಸ್ಸು ಬೇರೆ. ಅಲ್ಲಿ ಲಿಪಿಯ ರೂಪವನ್ನು ನೋಡುವಂತೆ ಇಲ್ಲಿ ಅಂಕಿಗಳ ಆಕೃತಿಯನ್ನು ನೋಡಬೇಕು. ಉಬ್ಬಿನ ಮೈ ಅರ ಹಾಕಿದಂತೆ ತಗ್ಗಿದೆಯೇ, ಅಂಕಿಗಳ ಆಳವೂ ಅಂತರವೂ ಅಸಹಜವಾಗಿವೆಯೇ ಎಂಬುದನ್ನು ಗಮನಿಸಬೇಕು.

ನಮ್ಮ ನಾಡಿನಲ್ಲಿ ದೊರೆಯುವ ಎಂಜಿನುಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. 1926ರಲ್ಲಿ ಸ್ಥಾಪಿತವಾದ ಭಾರತದ ಫೋರ್ಡ್ ಕಂಪನಿಯು ಕೆನಡಾದ ಫೋರ್ಡ್ ಕಂಪನಿಯ ಅಂಗಸಂಸ್ಥೆಯಾಗಿತ್ತು. ಕೆನಡಾದಲ್ಲಿ ತಯಾರಾದ ಎಂಜಿನುಗಳ ಸಂಖ್ಯೆ ‘ಸಿಎ’ ಎಂದು ಆರಂಭವಾಗುತ್ತದೆ. ಆ ಸಂಖ್ಯಾಕ್ರಮವೇ ಪ್ರತ್ಯೇಕ. ಅಮೆರಿಕದ ಪಟ್ಟಿಯೊಡನೆ ತಾಳೆಯಾಗದು ಎಂಬ ಕಾರಣಕ್ಕೆ ಅಪ್ಪಟ ಎಂಜಿನನ್ನು ಕೃತಕವೆಂದು ತಳ್ಳಿಬಿಡುವುದು ಅನ್ಯಾಯ.

1932ರ ‘ಬಿ’ ಎಂಜಿನು ಹೊರನೋಟಕ್ಕೆ ‘ಎ’ ಎಂಜಿನನ್ನೇ ಹೋಲುತ್ತದೆ. ಆದರೆ ಅದರ ಶಕ್ತಿ 50 ಅಶ್ವಬಲ. ಕ್ರ್ಯಾಂಕ್‌ಶಾಫ್ಟಿನ ಮುಖ್ಯ ಬೇರಿಂಗುಗಳು ದಪ್ಪನಾದವು. ಪೆಟ್ರೋಲು ಪಂಪನ್ನು ಕೂರಿಸಲು ಬ್ಲಾಕಿನಲ್ಲಿಯೇ ಸ್ಥಳವಿದೆ. ‘ಎ’ ಗಾಡಿಯಲ್ಲಿ ಪೆಟ್ರೋಲು ಎತ್ತರದ ಟಾಂಕಿಯಿಂದ ತನ್ನ ಭಾರದಿಂದಲೇ ಇಳಿಯುತ್ತಿದ್ದುದರಿಂದ ಪಂಪಿನ ಅಗತ್ಯವಿರಲಿಲ್ಲ. ಓಡಿಸುವುದಕ್ಕೆ ‘ಬಿ’ ಮೇಲು. ‘ಎ’ ಗಾಡಿಯನ್ನು ಯಥಾಸ್ಥಿತಿಗೆ ತರಬಯಸುವವನಿಗೆ ಅದು ಪರಕೀಯ.

ಇನ್ನು ಬೆಲೆಯ ವಿಚಾರ. ಹೊಸ ಬಣ್ಣಕ್ಕೆ ಬೆಲೆ ಕಟ್ಟುವುದು ಅವಿವೇಕ. ಬಣ್ಣವು ಬಿರುಕನ್ನು ಮುಚ್ಚುತ್ತದೆ. ವಾಲ್ವಿನ ಪೀಠದಿಂದ ಸಿಲಿಂಡರಿನ ಕಡೆಗೆ ಹಬ್ಬಿದ ಬಿರುಕು, ನೀರಿನ ಕವಚದ ಬಿರುಕು, ಇವು ಎಂಜಿನಿನ ಯೋಗ್ಯತೆಯನ್ನು ಥಟ್ಟನೆ ಇಳಿಸುತ್ತವೆ. ಸಿಲಿಂಡರಿನ ಮೂಲವ್ಯಾಸ 3⅞ ಅಂಗುಲ. ಹಲವು ಬಾರಿ ಕೊರೆಸಿ ಹಿಗ್ಗಿದ ಸಿಲಿಂಡರಿಗೆ ಸ್ಲೀವು ಹಾಕದೆ ಗತ್ಯಂತರವಿಲ್ಲ. ಎಲ್ಲಕ್ಕಿಂತ ಹೆಚ್ಚಿನ ಖರ್ಚು ಬೇರಿಂಗಿನದು. ಅದು ಬ್ಲಾಕಿನೊಳಗೇ ಬಿಳಿಲೋಹವನ್ನು ಕರಗಿಸಿ ಹೊಯ್ದು ಕಡೆದುದು. ಆ ಕೆಲಸ ಬಲ್ಲ ಮಿಸ್ತ್ರಿಗಳು ವಿರಳರು. ಆದ್ದರಿಂದ ದುರಸ್ತಾದ ಒಳ್ಳೆಯ ಎಂಜಿನಿನ ಬೆಲೆಯಿಂದ ದುರಸ್ತಿಯ ವೆಚ್ಚವನ್ನು ಕಳೆದು, ಉಳಿದುದನ್ನು ಆಧಾರವಾಗಿಟ್ಟುಕೊಳ್ಳುವುದೇ ನ್ಯಾಯವಾದ ಮಾರ್ಗ. ಕಾರ್ಬುರೇಟರು, ಡಿಸ್ಟ್ರಿಬ್ಯೂಟರು, ಡೈನಮೋ ಜೊತೆಯಲ್ಲಿಯೇ ಇದ್ದರೆ ಬೆಲೆ ಏರುತ್ತದೆ. ಗಾಡಿಯೂ ಅದರ ಹುಟ್ಟು ಎಂಜಿನೂ ಕೂಡಿಯೇ ಉಳಿದಿದ್ದರೆ ಬಿಡಿಬಿಡಿಯಾಗಿ ಮಾರುವುದು ನಷ್ಟವೇ ಸರಿ.

2021ರ ಕೇಂದ್ರ ನಿಯಮಗಳ ಮೇರೆಗೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ ಗಾಡಿಗಳಿಗೆ ಪ್ರತ್ಯೇಕ ನೋಂದಣಿಯುಂಟು. ಅಲ್ಲಿ ಎಂಜಿನು ಮತ್ತು ಚಾಸಿಯ ಸಂಖ್ಯೆಗಳೇ ಪ್ರಮಾಣ. ಪಟ್ಟಿಗೆ ಹೊಂದಲೆಂದು ಹಳೆಯ ಸಂಖ್ಯೆಯನ್ನು ಅರೆದು ಹೊಸದನ್ನು ಒತ್ತಿಸುವವನು ತನ್ನ ಸೊತ್ತಿನ ಚರಿತ್ರೆಯನ್ನು ಅಳಿಸುವುದಲ್ಲದೆ ಕಾನೂನಿನ ಕೈಗೂ ಸಿಕ್ಕುತ್ತಾನೆ.

ಜಿಡ್ಡು ಹಿಡಿದ ಎಂಜಿನನ್ನು ಕಂಡೊಡನೆ ತಿರುಗುವ ತಂತಿಕುಂಚದಿಂದ ಉಜ್ಜಿಸುವ ಆತುರ ಬೇಡ. ಮೊದಲು ಸೀಮೆಎಣ್ಣೆಯಲ್ಲಿ ನೆನೆದ ಬಟ್ಟೆಯಿಂದ ಸಂಖ್ಯೆಯ ಉಬ್ಬನ್ನು ಮೆಲ್ಲನೆ ಒರಸಿ, ಒಣಗಿದ ಮೇಲೆ ತೆಳುವಾದ ಕಾಗದವನ್ನಿಟ್ಟು, ಶಾಸನದ ಅಚ್ಚು ತೆಗೆಯುವವರಂತೆ ಪೆನ್ಸಿಲಿನಿಂದ ತಿಕ್ಕಿ ಪ್ರತಿಯೊಂದನ್ನು ತೆಗೆದಿಡತಕ್ಕದ್ದು. ಎರಕದ ದಿನಾಂಕಕ್ಕೂ ಹಾಗೆಯೇ ಮಾಡಿ, ಛಾಯಾಚಿತ್ರಗಳೊಡನೆ ಆ ಕಾಗದಗಳನ್ನು ಮನೆಯ ದಾಖಲೆಗಳಲ್ಲಿ ಸೇರಿಸಿ, ಅನಂತರವೇ ಗಿರಾಕಿಯನ್ನು ಕರೆಯಬೇಕು.