ಪ್ರವಾಸದ ಟ್ರೇಲರಿಗೊಂದು ಫ್ರಿಜ್: ಪೆಟ್ಟಿಗೆಗಿಂತ ಮೊದಲು ಬ್ಯಾಟರಿ

ಮೈಸೂರಿನ ಅಗ್ರಹಾರದ ವಾಣಿವಿಲಾಸ ಮಾರುಕಟ್ಟೆಯಲ್ಲಿ ಹೊತ್ತಾರೆ ಕೊಂಡುತಂದ ಸೊಪ್ಪು, ಕಾರಿನ ಹಿಂದೆ ಕಟ್ಟಿಕೊಂಡು ಹೊರಟ ಸಣ್ಣ ವಸತಿ ಟ್ರೇಲರಿನೊಳಗೆ ನಡುಹಗಲಿನ ವೇಳೆಗೆ ಬಾಡಿ ಬಳಲಿರುವುದನ್ನು ಕಂಡ ಗೃಹಸ್ಥನಿಗೆ, ಪ್ರವಾಸಕ್ಕೂ ಒಂದು ಫ್ರಿಜ್ ಇದ್ದರಾಗುತ್ತಿತ್ತು ಎನಿಸುವುದು ಸಹಜ. ನನ್ನನ್ನು ಈ ವಿಷಯಕ್ಕೆ ತಂದದ್ದು ನಮ್ಮ ತಾಯಿಯವರ ಇನ್ಸುಲಿನ್. ಅವರನ್ನು ಮನೆಯಲ್ಲಿ ಬಿಟ್ಟು ಹೊರಡಲು ಮನಸ್ಸೊಪ್ಪದೆ, ಕರೆದೊಯ್ದರೆ ಔಷಧವನ್ನು ತಂಪಾಗಿಡುವ ಬಗೆ ತಿಳಿಯದೆ, ಎರಡು ಬೇಸಗೆಗಳು ಕಳೆದುಹೋದ ಮೇಲೆ ನಾನು ಇದನ್ನು ಶ್ರದ್ಧೆಯಿಂದ ಅಭ್ಯಾಸಮಾಡತೊಡಗಿದೆ. ಆ ಅಭ್ಯಾಸದಿಂದ ನನಗೆ ದೃಢಪಟ್ಟದ್ದೇನೆಂದರೆ, ಫ್ರಿಜ್ಜನ್ನು ಕೊಳ್ಳಬಯಸುವವನು ಪೆಟ್ಟಿಗೆಯನ್ನು ಎಲ್ಲಕ್ಕಿಂತ ಕೊನೆಯಲ್ಲಿ ಕೊಳ್ಳತಕ್ಕದ್ದು.

ಮೊದಲ ಕೆಲಸ, ತಂಪು ನಿಜವಾಗಿ ಯಾವುದಕ್ಕೆ ಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆಯುವುದು. ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು 1950ರಲ್ಲಿ ಚೆಲುವಾಂಬ ಭವನದಲ್ಲಿ ನೆಲೆಗೊಂಡಂದಿನಿಂದ, ಆಹಾರವನ್ನು ಕೆಡದಂತೆ ಕಾಪಾಡುವ ವಿದ್ಯೆಗೆ ನಮ್ಮ ಊರು ಒಂದು ಪೀಠವೇ ಆಗಿದೆ; ಆದರೆ ಆ ವಿದ್ಯೆಯ ಒಂದಂಶ ನಮ್ಮ ಅಡುಗೆಮನೆಗಳಲ್ಲಿ ಅದಕ್ಕಿಂತ ಬಹು ಹಿಂದಿನಿಂದಲೂ ಇತ್ತು. ಪುಳಿಯೋಗರೆಯ ಗೊಜ್ಜು, ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ ಇವಾವುವೂ ಶೈತ್ಯವನ್ನು ಬೇಡುವುದಿಲ್ಲ. ನಂಜನಗೂಡಿನ ರಸಬಾಳೆಯಂತೂ ಫ್ರಿಜ್ಜಿನಲ್ಲಿಟ್ಟರೆ ಕಪ್ಪಿಟ್ಟುಹೋಗುತ್ತದೆ. ವೀಳ್ಯದೆಲೆಗೆ ಒದ್ದೆ ಬಟ್ಟೆ ಸಾಕು. ನಂದಿನಿ ಗುಡ್‌ಲೈಫ್ ಹಾಲಿನ ಪೊಟ್ಟಣ ಒಡೆಯುವ ತನಕ ಹೊರಗೇ ಇರಬಲ್ಲದು. ಇವನ್ನೆಲ್ಲ ಹೊಡೆದುಹಾಕಿದ ಮೇಲೆ ಹಾಳೆಯಲ್ಲಿ ಉಳಿಯುವುದು ಹಾಲು, ಬೆಣ್ಣೆ, ದೋಸೆಯ ಹಿಟ್ಟು, ಸೊಪ್ಪು, ಔಷಧ ಇಷ್ಟೆ. ಮಾಂಸಾಹಾರಿಗಳಾದರೆ ಮಾಂಸ, ಮೀನು. ನಾಲ್ವರ ಕುಟುಂಬಕ್ಕೆ ಎರಡು ಮೂರು ದಿನಗಳಿಗೆ 35ರಿಂದ 40 ಲೀಟರಿನ ಪೆಟ್ಟಿಗೆ ಧಾರಾಳವಾಯಿತು.

ಎರಡನೆಯದು ಫ್ರಿಜ್ಜಿನ ಜಾತಿಯ ನಿರ್ಣಯ. ಅಂಗಡಿಗಳಲ್ಲಿ ಅಗ್ಗಕ್ಕೆ ದೊರೆಯುವ, ಹಗುರವಾದ, ವಿದ್ಯುತ್ತಿನಿಂದಲೇ ಒಂದು ಪಕ್ಕ ತಣ್ಣಗೂ ಇನ್ನೊಂದು ಪಕ್ಕ ಬಿಸಿಯೂ ಆಗುವ ಫಲಕವನ್ನುಳ್ಳ ಪೆಟ್ಟಿಗೆಯು 1834ರಲ್ಲಿ ಪೆಲ್ಟಿಯೇ ಎಂಬ ಫ್ರೆಂಚ್ ವಿಜ್ಞಾನಿ ಕಂಡುಹಿಡಿದ ತತ್ತ್ವವನ್ನು ಅವಲಂಬಿಸಿದೆ. ಅದು ಹೊರಗಿನ ಉಷ್ಣತೆಗಿಂತ ಹೆಚ್ಚೆಂದರೆ 15ರಿಂದ 20 ಡಿಗ್ರಿ ಕೆಳಗಿಳಿಸಬಲ್ಲದಾದುದರಿಂದ, ಏಪ್ರಿಲ್ ತಿಂಗಳಲ್ಲಿ ಮೈಸೂರಿನ ಬಿಸಿಲು 35 ಡಿಗ್ರಿಗೆ ಏರಿದಾಗ ಒಳಗಣ ಹಾಲಿಗೆ ರಕ್ಷಣೆ ದೊರೆಯದು. ಗ್ಯಾಸಿನಿಂದ ನಡೆಯುವ ಅಮೋನಿಯದ ಫ್ರಿಜ್ಜನ್ನು 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು ರೂಪಿಸಿದರು. ಸದ್ದಿಲ್ಲದ, ಚಲಿಸುವ ಭಾಗವೇ ಇಲ್ಲದ ಸುಂದರ ಯಂತ್ರ ಅದು. ಆದರೆ ಸಮತಲದಲ್ಲಿ ನಿಂತಲ್ಲದೆ ಸರಿಯಾಗಿ ನಡೆಯದು, ಮುಚ್ಚಿದ ಸಣ್ಣ ಕೋಣೆಯಲ್ಲಿ ಅದರ ಜ್ವಾಲೆಯಿಂದ ಪ್ರಾಣಾಪಾಯವೂ ಉಂಟು. ನಮ್ಮ ಬಿಸಿಲಿಗೂ ನಮ್ಮ ರಸ್ತೆಗಳಿಗೂ ಹೊಂದುವುದು 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಒಂದೇ. ಅದರಲ್ಲಿಯೂ ಮೇಲ್ಮುಚ್ಚಳದ್ದನ್ನೇ ಆರಿಸಬೇಕು. ತಣ್ಣನೆಯ ಗಾಳಿ ಭಾರವಾದುದರಿಂದ ಮುಚ್ಚಳ ತೆರೆದಾಗಲೂ ಬಹುಮಟ್ಟಿಗೆ ಒಳಗೇ ನಿಲ್ಲುತ್ತದೆ.

ಮೂರನೆಯದಾದ ಲೆಕ್ಕವೇ ಈ ವಿಷಯದ ಹೃದಯ. ಇಂಥ ಫ್ರಿಜ್ ನಡೆಯುವಾಗ ಸುಮಾರು 50 ವಾಟ್ ಎಳೆಯುತ್ತದೆ. ನೆರಳಿನಲ್ಲಿಟ್ಟರೆ ದಿನದಲ್ಲಿ ಒಟ್ಟು 10 ಗಂಟೆಗಳ ಕಾಲ ನಡೆಯುವುದೆಂದು ಇಟ್ಟುಕೊಂಡರೆ 500 ವಾಟ್-ಗಂಟೆ, ಅಂದರೆ 12 ವೋಲ್ಟಿನಲ್ಲಿ 42 ಆಂಪಿಯರ್-ಗಂಟೆ. ಸೀಸ-ಆಮ್ಲದ 100 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುವುದರಿಂದ ಅದು ಒಂದು ದಿನಕ್ಕಷ್ಟೇ ಒದಗೀತು. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡು ದಿನಗಳ ಹತ್ತಿರಕ್ಕೆ ಬರುತ್ತದೆ, ತೂಕವೂ ಅರ್ಧಕ್ಕಿಂತ ಕಡಮೆ, ಬೆಲೆ ಮಾತ್ರ ಅಧಿಕ. 100 ವಾಟಿನ ಸೌರಫಲಕವು ನಿರ್ಮಲವಾದ ದಿನದಲ್ಲಿ 350ರಿಂದ 400 ವಾಟ್-ಗಂಟೆ ಮರಳಿ ತುಂಬಬಲ್ಲದು. ಆಷಾಢದ ಕೊಡಗಿನಲ್ಲಿ ಅದನ್ನು ನೆಚ್ಚುವಂತಿಲ್ಲ. ಕಾರನ್ನು ಚಾಲೂ ಮಾಡುವ ಬ್ಯಾಟರಿಗೆ ಮಾತ್ರ ಈ ಹೊರೆಯನ್ನು ಎಂದೂ ಹೊರಿಸಕೂಡದು. ಟ್ರೇಲರಿಗೆ ಪ್ರತ್ಯೇಕ ಬ್ಯಾಟರಿ ಇರಲಿ.

ಇನ್ನು ತಂತಿ. ಮೊದಲ ಪ್ರವಾಸದಲ್ಲಿ ಬ್ಯಾಟರಿ ತುಂಬಿದ್ದರೂ ನಮ್ಮ ಫ್ರಿಜ್ ಗಳಿಗೆಗೊಮ್ಮೆ ನಿಲ್ಲುತ್ತಿತ್ತು. ಮಾರಿದವರನ್ನು ಕೇಳಿದರೆ ಯಂತ್ರ ಸರಿಯಾಗಿದೆಯೆಂದರು. ಹಿಂದಿರುಗಿದ ಮೇಲೆ ವಾಹನಗಳ ವಿದ್ಯುತ್ ಕೆಲಸ ಮಾಡುವ ವೃದ್ಧರೊಬ್ಬರು ತಂತಿಯನ್ನು ಬೆರಳಿನಲ್ಲಿ ಹೊಸೆದು ನೋಡಿ, “ಸ್ವಾಮಿ, ಇದು ಬಹಳ ತೆಳು, ದಪ್ಪದ್ದು ಹಾಕ್ಸಿ” ಎಂದರು. ಅವರ ಮಾತು ಲೆಕ್ಕಕ್ಕೂ ಸರಿಹೊಂದಿತು: ಹೋಗಿಬರುವ ಹಾದಿ ಸೇರಿ 12 ಮೀಟರಿನಷ್ಟಾಗುವ 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 5 ಆಂಪಿಯರ್ ಹರಿದಾಗ ಸುಮಾರು 0.7 ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತದೆ, ಫ್ರಿಜ್ಜು ಬ್ಯಾಟರಿ ಸೋತಿತೆಂದು ಭ್ರಮಿಸಿ ನಿಲ್ಲುತ್ತದೆ. 6 ಚದರ ಮಿಲಿಮೀಟರಿನದಾದರೆ ನಷ್ಟ 0.2 ವೋಲ್ಟಿಗೂ ಕಡಮೆ. ಬ್ಯಾಟರಿಯ ಸಮೀಪದಲ್ಲಿಯೇ ಒಂದು ಫ್ಯೂಸ್ ಇರಲೇಬೇಕು.

ಪೆಟ್ಟಿಗೆಯು ಅಚ್ಚಿನ ಸನಿಹದಲ್ಲಿ, ನೆಲಮಟ್ಟದಲ್ಲಿ, ಪಟ್ಟಿಗಳಿಂದ ಬಿಗಿಯಲ್ಪಟ್ಟಿರಲಿ. ಟ್ರೇಲರಿನ ಹಿಂತುದಿಯಲ್ಲಿ ಭಾರ ಹೆಚ್ಚಿದರೆ ಓಟದಲ್ಲಿ ಅದು ತೊಯ್ದಾಡುತ್ತದೆ. ಬಿಸಿಗಾಳಿ ಹೊರಬರುವ ಜಾಲರಿಯ ಮುಂದೆ ಒಂದು ಗೇಣಾದರೂ ಬಯಲು ಬಿಡಬೇಕು.

ಹೊರಡುವ ಹಿಂದಿನ ರಾತ್ರಿ ಮನೆಯ ವಿದ್ಯುತ್ತಿನಿಂದಲೇ ಪೆಟ್ಟಿಗೆಯನ್ನು 4 ಡಿಗ್ರಿಗೆ ಇಳಿಸಿ, ಮೊದಲೇ ತಣಿದ ಪದಾರ್ಥಗಳನ್ನೇ ಅದರಲ್ಲಿಡಬೇಕು. ಬಿಸಿಯಾದ ಸಾರನ್ನು ಒಳಗಿಟ್ಟರೆ ಬ್ಯಾಟರಿಯ ಬಲದಲ್ಲಿ ಒಂದು ಪಾಲು ಅದನ್ನು ಆರಿಸುವುದರಲ್ಲೇ ಕಳೆದೀತು. ದೋಸೆಯ ಹಿಟ್ಟು ತಂಪಿನಲ್ಲಿಯೂ ನಿಧಾನವಾಗಿ ಉಬ್ಬುವುದರಿಂದ ಪಾತ್ರೆಯನ್ನು ಅರ್ಧಕ್ಕಷ್ಟೇ ತುಂಬಿರಿ. ಇನ್ಸುಲಿನ್ನಿನ ವಿಷಯದಲ್ಲಿ ನನ್ನಿಂದ ಒಂದು ಪ್ರಮಾದವಾಯಿತು: ಶೀಷೆಯನ್ನು ತಣ್ಣಗಿರಲೆಂದು ಗೋಡೆಗೇ ಒತ್ತಿಟ್ಟಿದ್ದೆ, ಬೆಳಿಗ್ಗೆ ನೋಡಿದರೆ ಅದು ಹೆಪ್ಪುಗಟ್ಟಿತ್ತು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಅನುಪಯುಕ್ತ. ಅದನ್ನು ಎಸೆದು, ಔಷಧದಂಗಡಿಯನ್ನು ಹುಡುಕುತ್ತ ಅಲೆದ ಆ ಬೆಳಗನ್ನು ಮರೆಯಲಾರೆ. ಒಡೆಯದ ಶೀಷೆಗೆ 2ರಿಂದ 8 ಡಿಗ್ರಿ ಬೇಕು. ಬಟ್ಟೆಯಲ್ಲಿ ಸುತ್ತಿ, ಡಬ್ಬಿಯೊಳಗಿಟ್ಟು, ಗೋಡೆಗಳಿಂದ ದೂರವಾಗಿ ನಡುವೆ ಇಡಬೇಕು. ಪಕ್ಕದಲ್ಲಿ ಬೇರೊಂದು ಥರ್ಮಾಮೀಟರ್ ಇರಲಿ. ಫಲಕದ ಮೇಲೆ ಕಾಣುವ ಅಂಕಿ ಒಳಗಣ ಒಂದೇ ಬಿಂದುವಿನದು. ಬಳಕೆಯಲ್ಲಿರುವ ಶೀಷೆಯ ವಿಚಾರವನ್ನು ವೈದ್ಯರನ್ನು ಕೇಳಿ ತಿಳಿಯುವುದು ಯುಕ್ತ.

ನಮ್ಮ ಊರಿನಿಂದ ಗುಂಡ್ಲುಪೇಟೆಯ ಮಾರ್ಗವಾಗಿ ವಯನಾಡಿಗೋ ಊಟಿಗೋ ಹೊರಟವರು, ಬಂಡೀಪುರದ ಅರಣ್ಯರಸ್ತೆಗಳು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದನ್ನು ನೆನಪಿಡಬೇಕು. ಹೊತ್ತು ಮೀರಿದರೆ ಇಂಜಿನ್ ಆರಿಸಿ ಒಂಬತ್ತು ಗಂಟೆಗಳ ಕಾಲ ಕಾಯಬೇಕಾಗುತ್ತದೆ. ರಾತ್ರಿಯ ತಂಪಿನಲ್ಲಿ ಫ್ರಿಜ್ ಅಷ್ಟರಲ್ಲಿ 15 ಆಂಪಿಯರ್-ಗಂಟೆಯಷ್ಟು ತೆಗೆದುಕೊಂಡೀತು; ಲೆಕ್ಕವಿಟ್ಟು ಹೊರಟವನಿಗೆ ಇದರಿಂದ ಆತಂಕವಿಲ್ಲ. ಮುಚ್ಚಳವನ್ನು ಮಾತ್ರ ಪದೇಪದೇ ತೆರೆಯಬಾರದು.

ಮನೆಗೆ ಮರಳಿದ ದಿನವೇ ಪೆಟ್ಟಿಗೆಯನ್ನು ಬರಿದುಮಾಡಿ, ಅಡುಗೆಸೋಡ ಕದಡಿದ ನೀರಿನಲ್ಲಿ ಒರೆಸಿ, ಮುಚ್ಚಳಕ್ಕೆ ಒಂದು ಮರದ ಚಕ್ಕೆ ಕೊಟ್ಟು ತೆರೆದಿಡಬೇಕು. ಸೀಸದ ಬ್ಯಾಟರಿಯಾದರೆ ಆ ರಾತ್ರಿಯೇ ಪೂರ್ತಿ ತುಂಬಿಸಿಡಬೇಕು. ನಮ್ಮ ಮನೆಯಲ್ಲಿ ಆ ಚಕ್ಕೆಯನ್ನು ಇಡುವ ಕೆಲಸವನ್ನು ತಾಯಿಯವರೇ ವಹಿಸಿಕೊಂಡಿದ್ದಾರೆ.