ಇಂದಿನ ಚಿಂತನೆ: ವಾಪಸ್ ಹೋಗುವ ಪಾರ್ಸೆಲ್



ಆನ್‌ಲೈನಿನಲ್ಲಿ ಸೀರೆ ತರಿಸಿ, ಬೆಲೆಚೀಟಿ ಕೀಳದೆ ಮದುವೆಗೆ ಉಟ್ಟು, ಮರುದಿನ ‘ಬಣ್ಣ ಬೇರೆ ಬಂದಿದೆ’ ಎಂದು ವಾಪಸ್ ಕಳಿಸುವುದನ್ನು ನಮ್ಮ ಸ್ಟಾಫ್‌ರೂಮಿನಲ್ಲೂ ಜಾಣತನವೆಂದು ಹೇಳಿಕೊಳ್ಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಕೊಡದಿದ್ದನ್ನು ತೆಗೆದುಕೊಂಡದ್ದೂ ಆಯಿತು, ಸುಳ್ಳಾಡಿದ್ದೂ ಆಯಿತು. ಒಂದೇ ಪಾರ್ಸೆಲಿನಲ್ಲಿ ಎರಡು ಶೀಲ ಮುರಿದವು. ಆ ಕಡೆ ಮಾರುವವರು ಸಾಲ ಮಾಡಿ ಹತ್ತು ಸೀರೆ ತಂದಿಟ್ಟುಕೊಂಡ ನಮ್ಮಂಥವರೇ ಇರಬಹುದು.

ಹಾಗೆಂದು ನಾವು ಮೋಸಹೋದಾಗ ಸುಮ್ಮನಿರಬೇಕಿಲ್ಲ. ಭಗವಾನ್ ಬುದ್ಧರು ತೊರೆದವುಗಳೆಂದು ಬ್ರಹ್ಮಜಾಲ ಸುತ್ತ ಹೇಳುವುದರಲ್ಲಿ ಕಳ್ಳ ತೂಕ, ಕಳ್ಳ ಅಳತೆಯೂ ಇವೆ. ಫೋಟೊದಲ್ಲಿ ಒಂದು, ಡಬ್ಬದಲ್ಲಿ ಇನ್ನೊಂದು ಕಳಿಸುವುದು ಇಂದಿನ ಕಳ್ಳ ತಕ್ಕಡಿ. ದೋಷವಿರುವ, ನಕಲಿಯಾದ, ಜಾಹೀರಾತಿನಂತಿಲ್ಲದ ವಸ್ತುವನ್ನು ಮಾರಾಟಗಾರರು ಹಿಂಪಡೆಯಲು ಒಲ್ಲೆ ಎನ್ನುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ದೂರು ತಲುಪಿದೆಯೆಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ 1915ಕ್ಕೆ ಕರೆ ಮಾಡಿ. ‘ಕೋರ್ಟು ನಮಗಲ್ಲ’ ಎನ್ನಬೇಡಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ, ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಡಬ್ಬ ಬಿಚ್ಚುವಾಗ ವಿಡಿಯೊ ಮಾಡಿಟ್ಟುಕೊಳ್ಳಿ, ಬಿಲ್ಲನ್ನು ಅಳಿಸಬೇಡಿ.