ಕಿವಿ ಮೊದಲು, ಪರದೆ ಆಮೇಲೆ

ಡಿಜೆ ಕಲಿಯಲು ಕೂತವರ ಕಣ್ಣು ಈಗ ಮೊದಲು ಹೋಗುವುದು ಲ್ಯಾಪ್‌ಟಾಪ್ ಪರದೆಯತ್ತ. ಎರಡು ಹಾಡುಗಳ ವೇವ್‌ಫಾರ್ಮ್ ಒಂದರ ಕೆಳಗೊಂದು ಓಡುತ್ತಿರುತ್ತವೆ; ಅವುಗಳ ಏರುಗಳು ಸರಿಯಾಗಿ ಎದುರುಬದುರಾದರೆ ಬೀಟ್ ಕೂಡಿತೆಂದು ಲೆಕ್ಕ. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್‌ನ ಕ್ಲಬ್ಬೊಂದರಲ್ಲಿ ಫ್ರಾನ್ಸಿಸ್ ಗ್ರಾಸೊ ಎಂಬ ಡಿಜೆ ಇದೇ ಕೆಲಸವನ್ನು ಎರಡು ಟರ್ನ್‌ಟೇಬಲ್ ಮತ್ತು ಹೆಡ್‌ಫೋನ್ ಇಟ್ಟುಕೊಂಡು, ಬರೀ ಕಿವಿಯಿಂದ ಮಾಡುತ್ತಿದ್ದರು. ಪರದೆ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಕಲಿಯುವ ಕ್ರಮದಲ್ಲಿ ಅದು ಎರಡನೆಯದು.

ಅಭ್ಯಾಸ ಹೀಗೆ ಶುರುಮಾಡಿ

ಡ್ರಮ್ ಪೆಟ್ಟು ಸ್ಪಷ್ಟವಾಗಿರುವ, ವೇಗದಲ್ಲಿ ಎರಡು ಮೂರು ಬಿಪಿಎಂಗಿಂತ (ನಿಮಿಷಕ್ಕೆ ಬೀಳುವ ಬೀಟುಗಳ ಎಣಿಕೆ) ಹೆಚ್ಚು ಅಂತರವಿಲ್ಲದ ಎರಡು ಹಾಡು ಆರಿಸಿಕೊಳ್ಳಿ. ಬೀಟನ್ನು ತಾನೇ ಕೂಡಿಸುವ ಸಿಂಕ್ ಬಟನ್ ಆಫ್ ಮಾಡಿ, ಪರದೆಗೆ ಬಟ್ಟೆ ಹಾಕಿ. ಮೊದಲ ಹಾಡು ಸ್ಪೀಕರಿನಲ್ಲಿ ಹೋಗುತ್ತಿರಲಿ. ಎರಡನೆಯದು ಹೆಡ್‌ಫೋನಿನಲ್ಲಿ, ಒಂದೇ ಕಿವಿಗೆ.

ಈಗ ನಾಲ್ಕು ನಾಲ್ಕಾಗಿ ಎಣಿಸಿ. ಹೆಚ್ಚಿನ ಡಾನ್ಸ್ ಹಾಡುಗಳಲ್ಲಿ 32 ಬೀಟಿಗೊಮ್ಮೆ ಏನಾದರೊಂದು ಬದಲಾಗುತ್ತದೆ. ಆ ತಿರುವಿನ 'ಒಂದು' ಬಿದ್ದ ಕ್ಷಣಕ್ಕೇ ಎರಡನೇ ಹಾಡನ್ನು ಬಿಡಿ.

ಕಷ್ಟದ ಭಾಗ ಇಲ್ಲಿಂದ ಶುರು. ಎರಡೂ ಪೆಟ್ಟು ಕೂಡಿದಾಗ ಒಂದೇ ಗಟ್ಟಿ 'ಧಂ' ಕೇಳುತ್ತದೆ. ಜಾರಿದಾಗ ಅದು 'ಧ-ಧಂ' ಎಂದು ಒಡೆಯುತ್ತದೆ. ಯಾವುದು ಮುಂದೆ, ಯಾವುದು ಹಿಂದೆ ಎಂದು ಆರಂಭದಲ್ಲಿ ಯಾರಿಗೂ ತಿಳಿಯುವುದಿಲ್ಲ. ಜಾಗ್ ವೀಲನ್ನು ಒಂದು ಕಡೆಗೆ ಸ್ವಲ್ಪ ತಳ್ಳಿ ನೋಡಿ. ಒಡಕು ಹೆಚ್ಚಾದರೆ ಇನ್ನೊಂದು ಕಡೆಗೆ ತಿರುಗಿಸಿ. ಕೂಡಿದ್ದು ಮತ್ತೆ ಜಾರಿತೇ? ಹಾಗಿದ್ದರೆ ವೇಗವೇ ಬೇರೆ ಇದೆ, ಪಿಚ್ ಫೇಡರ್ ಸರಿಸಬೇಕು. 120 ಮತ್ತು 120.5 ಬಿಪಿಎಂ ಹಾಡುಗಳನ್ನು ಒಟ್ಟಿಗೆ ಬಿಟ್ಟರೆ ಒಂದು ನಿಮಿಷದಲ್ಲಿ ಅರ್ಧ ಬೀಟ್ ಜಾರಿ, ಒಂದರ ಪೆಟ್ಟು ಇನ್ನೊಂದರ ನಡುವೆ ಬೀಳುತ್ತದೆ. ಜಾರಲು ಹಿಡಿಯುವ ಸಮಯವೇ ಫೇಡರ್ ಎಷ್ಟು ಸರಿಸಬೇಕೆಂಬುದನ್ನು ಹೇಳಿಕೊಡುತ್ತದೆ. ನಿಧಾನ ಜಾರಿದರೆ ಕೂದಲೆಳೆಯಷ್ಟು ಸಾಕು.

ಒಂದು ನಿಮಿಷ ಜಾರದೆ ನಿಂತ ಮೇಲೆ ಬಟ್ಟೆ ತೆಗೆದು, ಕಿವಿ ಹೇಳಿದ್ದನ್ನು ಪರದೆಯೊಂದಿಗೆ ತಾಳೆ ನೋಡಿ. ಈ ಹಂತ ಬಿಡಬೇಡಿ, ಕಿವಿ ಪಳಗುವುದು ಇಲ್ಲಿಯೇ.

ಪರದೆ ಎಡವುವ ಕಡೆ

ವೇವ್‌ಫಾರ್ಮ್ ತೋರಿಸುವುದು ಸದ್ದಿನ ಏರಿಳಿತವನ್ನು. ಬಣ್ಣದ ಮೂಲಕ ಬೇಸ್ ಎಲ್ಲಿ, ತಾರ ಸದ್ದು ಎಲ್ಲಿ ಎಂಬುದನ್ನೂ ಹೇಳಬಲ್ಲದು. ಎರಡು ಹಾಡುಗಳ ಶ್ರುತಿ ಹೊಂದುತ್ತದೋ ಇಲ್ಲವೋ ಆ ಚಿತ್ರದಲ್ಲಿ ಕಾಣುವುದಿಲ್ಲ.

ಹಳೆಯ ಕನ್ನಡ ಸಿನಿಮಾ ಹಾಡುಗಳಲ್ಲಿ ಇನ್ನೊಂದು ತೊಡಕಿದೆ. ವಾದ್ಯಗಾರರೆಲ್ಲ ಒಟ್ಟಿಗೆ ಕೂತು ನುಡಿಸಿದ ಧ್ವನಿಮುದ್ರಣ ಅದು. ಪಲ್ಲವಿಯಿಂದ ಚರಣಕ್ಕೆ ಹೋಗುವಾಗ ವೇಗ ತುಸು ಏರುತ್ತದೆ, ಇಳಿಯುತ್ತದೆ. ಸಾಫ್ಟ್‌ವೇರ್ ಅದರ ಮೇಲೆ ಸಮಾನ ಅಂತರದ ಗೆರೆ ಎಳೆದುಬಿಟ್ಟರೆ, ಗೆರೆ ಒಂದು ಕಡೆ, ತಬಲಾ ಒಂದು ಕಡೆ. ಮೂರರ ಎಣಿಕೆಯ ತಿಶ್ರ ನಡೆಯ ಹಾಡುಗಳ ಬಿಪಿಎಂ ತಪ್ಪಾಗಿ ಬರುವುದೂ ಉಂಟು. ಮದುವೆ ಆರತಕ್ಷತೆಯಲ್ಲಿ ಇಂಥ ಹಾಡು ಕೇಳುವವರು ಇದ್ದೇ ಇರುತ್ತಾರೆ. ಆಗ ನಂಬಬೇಕಾದ್ದು ಕಿವಿಯನ್ನೇ.

ಪರದೆ ಗೆಲ್ಲುವ ಕಡೆ

ಕಿವಿಗೆ ಈ ಕ್ಷಣ ಮಾತ್ರ ಗೊತ್ತು. ಅರ್ಧ ನಿಮಿಷದ ನಂತರ ಡ್ರಮ್ ನಿಲ್ಲುತ್ತದೆ ಎಂಬುದನ್ನು ಪರದೆ ಈಗಲೇ ತೋರಿಸುತ್ತದೆ. ಹೊಸ ಹಾಡನ್ನು ಎಲ್ಲಿ ಒಳತರಬೇಕು, ಹಳೆಯದರ ಬೇಸನ್ನು ಯಾವಾಗ ಇಳಿಸಬೇಕು ಎಂಬ ಯೋಜನೆಗೆ ಅದನ್ನು ಧಾರಾಳವಾಗಿ ಬಳಸಿ. ಆದರೆ ದನಿ ಶುರುವಾಗುವ ಜಾಗವನ್ನು ಮನೆಯಲ್ಲಿ ಕೇಳಿಯೇ ಗುರುತಿಸಿ, ಕ್ಯೂ ಪಾಯಿಂಟ್ ಹಾಕಿಟ್ಟುಕೊಳ್ಳಿ; ಗಾಯಕರಿಬ್ಬರ ದನಿ ಒಂದರ ಮೇಲೊಂದು ಬಿದ್ದರೆ ಬೀಟ್ ಎಷ್ಟು ಕೂಡಿದ್ದರೂ ಕೇಳಲಾಗದು.

ಕಾರ್ಯಕ್ರಮದ ದಿನ ದೂರದ ದೊಡ್ಡ ಸ್ಪೀಕರ್ ಕೇಳಿಕೊಂಡು ಬೀಟ್ ಕೂಡಿಸಬೇಡಿ. ಹತ್ತು ಮೀಟರ್ ಆಚೆಯ ಸದ್ದು ನಿಮ್ಮನ್ನು ತಲುಪುವಷ್ಟರಲ್ಲಿ ಸುಮಾರು 29 ಮಿಲಿಸೆಕೆಂಡ್ ತಡವಾಗಿರುತ್ತದೆ. ಪಕ್ಕದಲ್ಲೇ ಒಂದು ಮಾನಿಟರ್ ಸ್ಪೀಕರ್ ಕೇಳಿ ಪಡೆಯಿರಿ. ಹೆಡ್‌ಫೋನ್ ವಾಲ್ಯೂಮ್ ಕೆಲಸಕ್ಕೆ ಬೇಕಾದಷ್ಟೇ ಇರಲಿ, ಮಿಕ್ಸ್ ಮುಗಿದೊಡನೆ ಇಳಿಸಿ. ಅತಿ ಸದ್ದಿಗೆ ಸತ್ತ ಒಳಗಿವಿಯ ಕೂದಲುಕೋಶಗಳು ಮತ್ತೆ ಬೆಳೆಯುವುದಿಲ್ಲ.